ತಟ್ಟಿಯ ಆಚೆ ಈಚೆ

ದೀಪಾವಳಿಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಅಮ್ಮ ನನ್ನ ಕೈಗೆ ಒಂದು ಹಳೆಯ ಬೈರಾಸು ಕೊಟ್ಟು, "ಆ ಬ್ಲೈಂಡ್ಸ್ ಒಂದು ಒರೆಸಿಬಿಡು. ಅಣ್ಣ ಬಂದವನು ನೋಡಿದರೆ ಬೇಜಾರು ಮಾಡಿಕೊಳ್ತಾನೆ" ಅಂದಳು. ಅಣ್ಣ ಇರುವುದು ಬೆಂಗಳೂರಿನಲ್ಲಿ. ರಾಮಕುಂಜದ ನಮ್ಮ ಹಂಚಿನ ಮನೆಯ ಪಕ್ಕದಲ್ಲಿ ಅವನು ತಾರಸಿ ಮನೆ ಕಟ್ಟಿಸಿದಾಗ ಎಲ್ಲ ಕಿಟಕಿಗಳಿಗೂ ಆಫೀಸುಗಳಲ್ಲಿ ಇರುತ್ತದಲ್ಲ, ಅಂಥ ಅಲ್ಯುಮಿನಿಯಂ ಪಟ್ಟಿಯ ಬ್ಲೈಂಡ್ಸ್ ಹಾಕಿಸಿದ. ಮನೆ ಒಕ್ಕಲಿನ ದಿನ ಬಂದ ನೆಂಟರೆಲ್ಲ ಅದರ ದಾರ ಎಳೆದು, ಕೋಲು ತಿರುಗಿಸಿ ನೋಡಿದ್ದೇ ನೋಡಿದ್ದು. ಆಮೇಲೆ ಒಂದು ಮಳೆಗಾಲ ಕಳೆಯಿತು. ಈಗ ನೋಡಿದರೆ ಪಟ್ಟಿಗಳ ಮೇಲೆ ಧೂಳು, ದಾರಗಳ ಮೇಲೆ ಬೂಸ್ಟು, ಮೂಲೆಯಲ್ಲಿ ಜೇಡನ ಸಂಸಾರ.

ಒಂದು ಕಿಟಕಿಯ ಪಟ್ಟಿಗಳನ್ನು ಲೆಕ್ಕ ಮಾಡಿದೆ. 52 ಇದ್ದವು. ಒಟ್ಟು 5 ಕಿಟಕಿ. ಪ್ರತಿ ಪಟ್ಟಿಗೂ ಎರಡು ಮೈ. ಅಂದರೆ 520 ಮೈಗಳನ್ನು ಒರೆಸಬೇಕು. ಮೊದಲು ಎಲ್ಲ ಪಟ್ಟಿಗಳನ್ನು ಒಂದೇ ಕಡೆಗೆ ಮುಚ್ಚಿ, ಮೇಲಿನಿಂದ ಕೆಳಕ್ಕೆ ಒಣ ಬಟ್ಟೆಯಲ್ಲಿ ಧೂಳು ತೆಗೆದೆ. ಆಮೇಲೆ ತಿರುಗಿಸಿ ಇನ್ನೊಂದು ಮೈ. ಅದು ಮುಗಿದ ಮೇಲೆ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿ, ಬೈರಾಸನ್ನು ಅದ್ದಿ ಚೆನ್ನಾಗಿ ಹಿಂಡಿ ಮತ್ತೆ ಶುರು. ಒಣ ಬಟ್ಟೆಯನ್ನು ಬಿಟ್ಟು ನೇರ ಒದ್ದೆ ಬಟ್ಟೆ ಹಿಡಿದರೆ ಧೂಳು ಕೆಸರಾಗಿ ಪಟ್ಟಿಗೇ ಮೆತ್ತಿಕೊಳ್ಳುತ್ತದೆ. ಇದನ್ನು ನಾನು ಮೊದಲ ಕಿಟಕಿಯನ್ನು ಹಾಳು ಮಾಡಿ ಕಲಿತೆ. ಬಟ್ಟೆಗಿಂತ ಕೈಗೆ ಹಾಕಿಕೊಂಡ ಹಳೆಯ ಕಾಲುಚೀಲ ಒಳ್ಳೆಯದು, ಎರಡು ಬೆರಳ ನಡುವೆ ಪಟ್ಟಿಯನ್ನು ಹಿಡಿದು ಒಮ್ಮೆಗೇ ಎರಡೂ ಮೈ ಎಳೆಯಬಹುದು ಎನ್ನುವುದು ಮೂರನೇ ಕಿಟಕಿಗೆ ಬರುವಾಗ ಗೊತ್ತಾಯಿತು.

ಜಗಲಿಯಲ್ಲಿ ಕುಳಿತು ವೀಳ್ಯ ಹಾಕುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು. "ಎಂತ ಮಗಾ ಅದು, ಬೆಳಿಗ್ಗೆಯಿಂದ ಅದನ್ನೇ ಒರೆಸ್ತಾ ಇದ್ದಿ? ನಮ್ಮ ಕಾಲದಲ್ಲಿ ದೀಪಾವಳಿ ಬಂತು ಅಂದರೆ ತಟ್ಟಿ ಬಿಚ್ಚುವುದು. ಒರೆಸುವುದು ಎಂತಕ್ಕೆ?"

ನಾನು ಇತಿಹಾಸದ ವಿದ್ಯಾರ್ಥಿನಿ. ದಕ್ಷಿಣ ಕನ್ನಡದ ಗೇಣಿ ಪದ್ಧತಿಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂಲಗೇಣಿ, ಚಾಲಗೇಣಿ, ತೀರ್ವೆ, ಪಟ್ಟೆ ಎಂದು ನಾಲ್ಕು ವರ್ಷದಿಂದ ಕಡತ ತಿರುವುತ್ತಿದ್ದೇನೆ. ಅಜ್ಜಿಯ ಆ ಒಂದು ಪ್ರಶ್ನೆ ನನ್ನನ್ನು ಆ ಕಡತಗಳ ಹೊರಗೆ ಎಳೆದು ತಂದಿತು. ಈ ಬರಹ ಅದರ ಉತ್ತರ ಹುಡುಕಿದ್ದರ ಕತೆ.

ನಮ್ಮ ಊರು ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವ ದಾರಿಯಲ್ಲಿದೆ. ಮೊದಲು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಪೇಜಾವರ ಮಠದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರು ಎಂದರೆ ಹೆಚ್ಚಿನವರಿಗೆ ಗುರುತು ಸಿಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಇಲ್ಲಿ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ, ಗಾಳಿ ಹೇಳಿದ ಕಡೆಯಿಂದ ಬರುತ್ತದೆ. ಮಾಡು ಎಷ್ಟು ಗಟ್ಟಿ ಇದ್ದರೂ ಎರಚಲು ಜಗಲಿಯ ಒಳಗೆ ಬಂದೇ ಬರುತ್ತದೆ. ಮಣ್ಣಿನ ಗೋಡೆಗೆ ಆ ಎರಚಲು ಬಡಿದರೆ ಆಟಿ ತಿಂಗಳು ಮುಗಿಯುವ ಮೊದಲೇ ಗೋಡೆ ಕುಸಿಯಬಹುದು. ಹಾಗಾಗಿ ಪತ್ತನಾಜೆಯ ಆಸುಪಾಸಿನಲ್ಲಿ, ಮಳೆ ಕೂರುವ ಮೊದಲು, ಮನೆಯ ಸುತ್ತ ಸೂರಿನಿಂದ ಕೆಳಕ್ಕೆ ತಟ್ಟಿ ಕಟ್ಟುವುದು ವರ್ಷಾವಧಿ ಕೆಲಸವಾಗಿತ್ತು.

ತೆಂಗಿನ ಮಡಲನ್ನು ನಡುವಿನ ದಂಟಿನ ಉದ್ದಕ್ಕೆ ಎರಡಾಗಿ ಸೀಳಬೇಕು. ಒಣಗಿದ್ದಾದರೆ ತೋಡಿನ ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಗರಿ ಮುರಿಯುತ್ತದೆ. ಆಮೇಲೆ ಒಂದು ಗರಿ ಮೇಲೆ, ಒಂದು ಗರಿ ಕೆಳಗೆ ಹಾಕಿ ಹೆಣೆಯುತ್ತ ಹೋಗಬೇಕು. ಹೆಣೆದ ತಟ್ಟಿಗಳನ್ನು ಅಡಿಕೆ ಸಲಾಕೆಗೆ ಒಂದರ ಮೇಲೊಂದು ಬರುವಂತೆ ಕಟ್ಟಿದರೆ ನೀರು ಜಾರಿ ಅಂಗಳಕ್ಕೆ ಬೀಳುತ್ತದೆ, ಗಾಳಿ ಮಾತ್ರ ಒಳಗೆ ಬರುತ್ತದೆ. ತೆಂಗು ಕಡಿಮೆ ಇದ್ದ ಕಡೆ ಅಡಿಕೆಯ ಸೋಗೆಯೂ ನಡೆಯುತ್ತಿತ್ತು. ಜೂನಿನಿಂದ ಅಕ್ಟೋಬರಿನವರೆಗೆ ಮನೆಯೊಳಗೆ ಹಗಲಿನಲ್ಲೂ ಮಬ್ಬು. ದೀಪಾವಳಿಗೆ ತಟ್ಟಿ ಬಿಚ್ಚಿದಾಗ ಜಗಲಿಗೆ ಬೆಳಕು ಬರುತ್ತಿತ್ತು. "ಹಬ್ಬದ ದೀಪಕ್ಕಿಂತ ಮೊದಲು ಆ ಬೆಳಕು ನೋಡಿದರೇ ಹಬ್ಬ ಅಂತ ಅನಿಸ್ತಿತ್ತು" ಅಂತ ಅಜ್ಜಿ ಹೇಳುತ್ತಾಳೆ. ಬಿಚ್ಚಿದ ತಟ್ಟಿಯಲ್ಲಿ ಒಳ್ಳೆಯದು ಬಚ್ಚಲ ಒಲೆಗೆ, ಕೊಳೆತದ್ದು ತೋಟದ ಬುಡಕ್ಕೆ. ಧೂಳು ಕೂರುವಷ್ಟು ಕಾಲ ಅದು ಇರುತ್ತಲೇ ಇರಲಿಲ್ಲ.

ಹಾಗಾದರೆ ಒರೆಸಿ ಇಡಬೇಕಾದ ಕಿಟಕಿ ಪರದೆ ಎಲ್ಲಿಂದ ಬಂತು? ಮೊದಲು ಮಾತುಗಳನ್ನೇ ನೋಡಿದೆ. ಕನ್ನಡದಲ್ಲಿ ಬೆಳಕಂಡಿ ಎನ್ನುವ ಚೆಂದದ ಮಾತಿದೆ, ಬೆಳಕು ಬರುವ ಕಂಡಿ. ಗವಾಕ್ಷಿ ಸಂಸ್ಕೃತದ್ದು, ಅದರಲ್ಲಿ ಹಸುವಿನ ಕಣ್ಣಿದೆ. ಕಿಟಕಿ ಉತ್ತರದಿಂದ ಬಂದದ್ದು. ನಮ್ಮ ಕರಾವಳಿಯ ಕೊಂಕಣಿಯ ಜನೇಲ್, ತಮಿಳಿನ ಜನ್ನಲ್, ಮಲಯಾಳದ ಜನಲ್ ಈ ಮೂರೂ ಪೋರ್ಚುಗೀಸರ ಜನೆಲಾದಿಂದ ಬಂದವು. ಪರದೆ ಪಾರಸಿಯದ್ದು. ತೆರೆ ನಮ್ಮದೇ. ಒಂದು ಕಿಟಕಿಯ ಎದುರು ನಿಂತರೆ ಇಷ್ಟು ದೇಶಗಳ ಮಾತು ಕೇಳುತ್ತದೆ.

ಬೆಳಕನ್ನು ತಡೆದು ಸೋಸುವ ಕೆಲಸವೇನೂ ನಮಗೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಆಗ ಅದರ ಮಂಟಪ ತೆರೆದುಕೊಂಡಿತ್ತು. ಕಂಬಗಳ ನಡುವೆ ಇಂದು ನಾವು ನೋಡುವ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನಲ್ಲಿ ಗೋಡೆಯ ಚಿತ್ರಗಳು ಬಿಸಿಲಿಗೆ ಮಾಸದಂತೆ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿರುವುದನ್ನು ಶಾಲಾ ಪ್ರವಾಸಕ್ಕೆ ಹೋದವರೆಲ್ಲ ನೋಡಿರುತ್ತಾರೆ. ಅಬುಲ್ ಫಜಲ್ ತನ್ನ ಆಯಿನ್-ಇ-ಅಕ್ಬರಿಯಲ್ಲಿ ಲಾವಂಚದ ಬೇರಿನ ತಡಿಕೆಗಳಿಗೆ ನೀರು ಚಿಮುಕಿಸಿ ಬೇಸಗೆಯಲ್ಲೇ ಚಳಿಗಾಲ ತರುತ್ತಿದ್ದ ಬಗೆಯನ್ನು ಬರೆದಿದ್ದಾನೆ. ಇಂಗ್ಲಿಷರು ಬಂದ ಮೇಲೆ ಈ ಲಾವಂಚದ ತಟ್ಟಿ ಅವರ ಬಂಗಲೆಗಳ ಬಾಗಿಲಿಗೂ ಬಂತು, ಬಿದಿರಿನ ಕಡ್ಡಿಯ ಚಿಕ್ ಕಿಟಕಿಗೂ ಬಂತು.

ತಟ್ಟಿ, ಚಿಕ್ ಎರಡಕ್ಕೂ ಅವರ ನಿಘಂಟಿನಲ್ಲಿ ಜಾಗ ಸಿಕ್ಕಿತು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಆ ನಿಘಂಟನ್ನು ಮಾಡಿದ ಇಬ್ಬರಲ್ಲಿ ಒಬ್ಬರು ಎ.ಸಿ. ಬರ್ನೆಲ್. ಅವರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುವರ ಭೂತಾರಾಧನೆಯ ಬಗ್ಗೆ ಸಾಮಗ್ರಿ ಕೂಡಿಸಿದವರು. ನಿಘಂಟು ಅಚ್ಚಾಗುವ ನಾಲ್ಕು ವರ್ಷ ಮೊದಲೇ, 1882ರಲ್ಲಿ ತೀರಿಕೊಂಡರು.

ಬಂಗಲೆಯ ತಟ್ಟಿಗೂ ನಮ್ಮ ತಟ್ಟಿಗೂ ಒಂದು ವ್ಯತ್ಯಾಸ ಇದೆ. ನಮ್ಮದು ಮಳೆ ತಡೆಯಲು, ಅವರದ್ದು ಸೆಖೆ ತಡೆಯಲು. ಲಾವಂಚದ ತಟ್ಟಿ ತಂಪು ಕೊಡಬೇಕಾದರೆ ಅದು ಸದಾ ಒದ್ದೆಯಾಗಿರಬೇಕು. ಹೊರಗಿನಿಂದ ಒಣ ಗಾಳಿ ಬೀಸಿದಾಗ ನೀರು ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಇಂದಿನ ಏರ್ ಕೂಲರಿನ ತತ್ತ್ವವೂ ಅದೇ. ಆದರೆ ಕೂಲರಿನಲ್ಲಿ ನೀರು ಹಾಯಿಸಲು ಪಂಪು ಇದೆ, ಬಂಗಲೆಯಲ್ಲಿ ಮನುಷ್ಯರಿದ್ದರು. ಒಳಗೆ ತಂಪು ಇರಲೆಂದು ಒಬ್ಬ ಮನುಷ್ಯ ಹೊರಗೆ ಉರಿಬಿಸಿಲಿನಲ್ಲಿ ನಿಂತು ತಟ್ಟಿಗೆ ನೀರು ಎರಚುತ್ತಿದ್ದ. ಒಂದೇ ತಟ್ಟಿಯ ಎರಡು ಬದಿಯಲ್ಲಿ ಎರಡು ಹವೆ.

ಆ ಮಾತಿನ ಇನ್ನೊಂದು ದಾರಿಯೂ ಇದೆ. ಹಿಂದಿಯಲ್ಲಿ ಟಟ್ಟೀ ಎಂದರೆ ಮೊದಲು ತಡಿಕೆ. ಮರೆಗೆ ತಡಿಕೆ ಕಟ್ಟಿದ ಜಾಗ ಕಕ್ಕಸು, ಹಾಗಾಗಿ ಕಕ್ಕಸಿಗೂ ಅದೇ ಹೆಸರು. ಕೊನೆಗೆ ಅಲ್ಲಿ ಬಿದ್ದದ್ದಕ್ಕೂ ಅದೇ ಹೆಸರಾಯಿತು. ಹಾಸ್ಟೆಲಿನಲ್ಲಿ ನಮ್ಮ ಮನೆಯ ತಟ್ಟಿಯ ವಿಷಯ ಹೇಳಿದಾಗ ಉತ್ತರದ ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದರು, ನಾನೂ ನಕ್ಕಿದ್ದೆ. ಈಗ ಯೋಚಿಸಿದರೆ ಅದರಲ್ಲಿ ನಗುವಂಥದ್ದು ಕಡಿಮೆ. ಮರೆ ಕಟ್ಟಿದವರು ಮರೆಯ ಹಿಂದಿನದ್ದನ್ನು ತಾವು ತೆಗೆಯಲಿಲ್ಲ. ಅದನ್ನು ತೆಗೆಯಲು ಬೇರೆ ಜನರನ್ನು ಹುಟ್ಟಿನಿಂದಲೇ ಗೊತ್ತುಮಾಡಿ ಇಟ್ಟಿದ್ದರು. ತಟ್ಟಿ ಎಂಬ ಮಾತು ಹೋದ ದಾರಿಯಲ್ಲಿ ಅವರ ಹೆಜ್ಜೆಗಳೂ ಇವೆ.

ನಾನು ಒರೆಸುತ್ತಿದ್ದ ಪಟ್ಟಿಯ ಬ್ಲೈಂಡ್ಸ್ ಯುರೋಪಿನ ಕಡೆಯಿಂದ ಬಂದದ್ದು. ಇಂಗ್ಲಿಷರು ಅದಕ್ಕೆ ವೆನಿಸ್ ನಗರದ ಹೆಸರಿಟ್ಟರು, ಫ್ರೆಂಚರು ಕಿಟಕಿಯ ಅಂಥದ್ದೇ ಪಟ್ಟಿಬಾಗಿಲಿಗೆ ಪರ್ಷಿಯಾದ ಹೆಸರಿಟ್ಟು ಪರ್ಸಿಯೆನ್ ಎಂದರು. ಪ್ರತಿಯೊಬ್ಬರೂ ಅದನ್ನು ತಮಗಿಂತ ಪೂರ್ವಕ್ಕಿರುವವರ ಲೆಕ್ಕಕ್ಕೆ ಬರೆದಂತೆ ಕಾಣುತ್ತದೆ. ಅದಕ್ಕಿರುವ ಇನ್ನೊಂದು ಹೆಸರು ಜಲೂಸಿ. ಫ್ರೆಂಚಿನಲ್ಲಿ ಆ ಮಾತಿಗೆ ಮತ್ಸರ ಎಂದೇ ಅರ್ಥ. ಒಳಗಿನವರು ಹೊರಗೆ ನೋಡಬಹುದು, ಹೊರಗಿನವರಿಗೆ ಒಳಗಿನವರು ಕಾಣಬಾರದು. ಹೆಂಡತಿಯ ಮೇಲೆ ಕಣ್ಣು ಬಿದ್ದೀತು ಎಂದು ಹೆದರುವ ಗಂಡನ ಮನಸ್ಸೇ ಮರದ ಪಟ್ಟಿಯಾಗಿ ಕಿಟಕಿಗೆ ಬಂದು ಕೂತಂತೆ. ಪಟ್ಟಿಯನ್ನು ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸುವ ಒಂದು ವ್ಯವಸ್ಥೆಗೆ ಅಮೆರಿಕದ ನ್ಯೂ ಆರ್ಲಿಯನ್ಸಿನ ಜಾನ್ ಹ್ಯಾಂಪ್ಸನ್ 1841ರಲ್ಲಿ ಪೇಟೆಂಟ್ ಪಡೆದರು. ಆ ಕಾಲದಲ್ಲಿ ನ್ಯೂ ಆರ್ಲಿಯನ್ಸ್ ಅಮೆರಿಕದ ದೊಡ್ಡ ಗುಲಾಮರ ಸಂತೆಯ ಊರು. ಅಲ್ಲಿನ ದೊಡ್ಡ ಮನೆಗಳಲ್ಲಿ ಆ ಪಟ್ಟಿಗಳನ್ನು ಒರೆಸುತ್ತಿದ್ದವರು ಯಾರು ಎಂದು ಪೇಟೆಂಟಿನ ಕಾಗದ ಹೇಳಬೇಕಾಗಿಲ್ಲ.

ಧೂಳು ಒರೆಸುವುದಕ್ಕೂ ಒಂದು ಇತಿಹಾಸ ಇದೆ. ಫ್ಲಾರೆನ್ಸ್ ನೈಟಿಂಗೇಲ್ ತನ್ನ 1860ರ ಶುಶ್ರೂಷೆಯ ಪುಸ್ತಕದಲ್ಲಿ ಒಣ ಬಟ್ಟೆಯಲ್ಲಿ ಧೂಳು ಹೊಡೆಯುವವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾಳೆ. ಅದರಿಂದ ಧೂಳು ಹೋಗುವುದಿಲ್ಲ, ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುತ್ತದೆ ಅಷ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಎನ್ನುವುದು ಅವಳ ವಾದ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ ಮೇಲೆ ಮನೆಯ ಧೂಳಿನ ಭಯ ಇನ್ನೂ ಹೆಚ್ಚಿತು. ಎರಡನೇ ಮಹಾಯುದ್ಧದ ನಂತರ ಹಗುರವಾದ ಅಲ್ಯುಮಿನಿಯಂ ಪಟ್ಟಿ ಬಂತು, ಆಮೇಲೆ ಪ್ಲಾಸ್ಟಿಕ್ಕಿನದ್ದು. 1996ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೊರದೇಶಗಳಿಂದ ಬಂದ ಕೆಲವು ಪ್ಲಾಸ್ಟಿಕ್ ಬ್ಲೈಂಡ್ಸ್‌ಗಳ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ಪ್ಲಾಸ್ಟಿಕ್ ಗಟ್ಟಿಯಾಗಲೆಂದು ಸೇರಿಸಿದ ಸೀಸ ಬಿಸಿಲಿಗೆ ಪುಡಿಯಾಗಿ ಪಟ್ಟಿಯ ಮೇಲೆ ಧೂಳಾಗಿ ಕೂರುತ್ತದೆ, ಅದು ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ವಿಷ ಎಂದು. ಹೊರಗಿನ ಧೂಳನ್ನು ತಡೆಯಲು ಹಾಕಿದ್ದೇ ಧೂಳಾಗಿ ಉದುರುತ್ತಿತ್ತು. ಬಿಸಿಲಿಗೆ ನಮ್ಮ ಮಡಲೂ ಪುಡಿಯಾಗುತ್ತಿತ್ತು. ಅದು ಪುಡಿಯಾದರೆ ತೆಂಗಿನ ಬುಡಕ್ಕೆ ಗೊಬ್ಬರ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹಳೆಯ ಕಾಲವೇ ಒಳ್ಳೆಯದಿತ್ತು ಎನ್ನುವ ಇನ್ನೊಂದು ಲೇಖನ ಆಗುತ್ತಿತ್ತು. ನಾನೂ ಹಾಗೆಯೇ ಅಂದುಕೊಂಡು ಸಂಜೆ ಅಜ್ಜಿಯ ಹತ್ತಿರ ಕೂತು, "ತಟ್ಟಿ ಯಾರು ಹೆಣೆಯುವುದಿತ್ತು ಅಜ್ಜಿ?" ಅಂತ ಕೇಳಿದೆ.

"ಯಾವ ಮನೆಯದ್ದು ಕೇಳುವುದು ನೀನು? ಧಣಿಗಳ ಮನೆಯದ್ದಾ, ನಮ್ಮದಾ?" ಅಂತ ಅಜ್ಜಿ ತಿರುಗಿ ಕೇಳಿದಳು.

ನಮ್ಮದು ಚಾಲಗೇಣಿಯ ಒಕ್ಕಲು. ಅಷ್ಟು ನನಗೆ ಗೊತ್ತಿತ್ತು. ಗೇಣಿ ಎಂದರೆ ಇಷ್ಟು ಮುಡಿ ಅಕ್ಕಿ ಎಂದು ನನ್ನ ಪ್ರಬಂಧದ ಕೋಷ್ಟಕಗಳಲ್ಲಿ ಇದೆ. ಆದರೆ ಮಳೆಗಾಲಕ್ಕೆ ಮೊದಲು ಧಣಿಗಳ ಚಾವಡಿಗೆ ತಟ್ಟಿ ಹೆಣೆದು ಕೊಡುವುದೂ ನಮ್ಮ ಮನೆಯವರ ಪಾಲಿಗೆ ಇತ್ತು ಎನ್ನುವುದು ನಾನು ನೋಡಿದ ಯಾವ ಕಾಗದದಲ್ಲೂ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷವೇ ಅಜ್ಜಿ ಅತ್ತೆಯ ಜೊತೆ ಅಲ್ಲಿಗೆ ಹೋಗಿದ್ದಳಂತೆ. ಅಂಗಳದಲ್ಲಿ ಕೂತು ಹೆಣೆಯುವುದು. ಕಟ್ಟುವುದು ಮುಗಿಯುವಾಗ ಚಾವಡಿ ಕಾಣದಾಗುತ್ತಿತ್ತು. "ನಾವು ಹೆಣೆದ ತಟ್ಟಿ ಒಳಗಿನಿಂದ ಹೇಗೆ ಕಾಣ್ತದೆ ಅಂತ ನನಗೆ ಯಾವತ್ತೂ ಗೊತ್ತಾಗಲಿಲ್ಲ" ಎಂದಳು ಅಜ್ಜಿ.

1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿದರು. ನಮ್ಮೂರ ಕಡೆ ಅದಕ್ಕೆ ಈಗಲೂ ಡಿಕ್ಲರೇಷನ್ ಕೊಟ್ಟದ್ದು ಎಂದೇ ಹೇಳುತ್ತಾರೆ. ಭೂ ನ್ಯಾಯಮಂಡಳಿಯ ಮುಂದೆ ಹೋಗಿ ಬಂದು, ಅಲೆದು, ಅಜ್ಜನಿಗೆ ಜಾಗ ಸಿಕ್ಕಿತು. ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿ ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ, ನಲುವತ್ತು ಮೈಲಿ ಆಚೆಯ ನಮ್ಮ ಮನೆಗೆ ಹಂಚು ಬಂತು. ಧಣಿಗಳ ಚಾವಡಿಗೆ ತಟ್ಟಿ ಹೆಣೆಯಲು ಹೋಗುವುದು ನಿಂತಿತು.

"ಮತ್ತೆ ನಮ್ಮ ಮನೆಗೆ ಯಾರು ಹೆಣೆದದ್ದು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹೆಸರು ಹೇಳಿದಳು. ಆ ಹೆಸರು ನನಗೂ ನೆನಪಿದೆ. ನಾನು ಸಣ್ಣವಳಿರುವಾಗ ಮೇ ತಿಂಗಳ ಕೊನೆಗೆ ಅವರು ಬರುತ್ತಿದ್ದರು. ಅಜ್ಜಿಯದ್ದೇ ಪ್ರಾಯ. ಅಂಗಳದ ಕರೆಯಲ್ಲಿ ಕೂತು ಎರಡು ದಿನದಲ್ಲಿ ಮನೆಗೆ ಬೇಕಾದಷ್ಟು ತಟ್ಟಿ ಹೆಣೆಯುತ್ತಿದ್ದರು. ಐದಾರು ವರ್ಷದ ನಾವು ಮಕ್ಕಳೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದೆವು, ನೀನು ಅನ್ನುತ್ತಿದ್ದೆವು. ಈ ಬರಹದಲ್ಲಿ ಅಜ್ಜಿಯನ್ನು ಏಕವಚನದಲ್ಲಿ ಬರೆದ ನಾನು ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಅವರಿಗೆ ಸಿಕ್ಕಿದ್ದ ಏಕವಚನ ಸಲಿಗೆಯಿಂದ ಬಂದದ್ದಲ್ಲ.

ಹೆಣೆದು ಮುಗಿದ ಮೇಲೆ ಅವರು ತಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದರು, ಅಜ್ಜ ಜಗಲಿಯಿಂದ ಕೈ ಚಾಚಿ ಹಗ್ಗ ಕಟ್ಟುತ್ತಿದ್ದರು. ಅವರು ನಿಲ್ಲುತ್ತಿದ್ದದ್ದು ಸೂರಿನ ನೀರು ಬೀಳುವ ಗೆರೆಯ ಆಚೆ. ತಟ್ಟಿ ಇಳಿಯುತ್ತಿದ್ದದ್ದೂ ಅದೇ ಗೆರೆಗೆ. ಮಳೆ ನಿಲ್ಲಬೇಕಾದ ಜಾಗ ಮತ್ತು ಅವರು ನಿಲ್ಲಬೇಕಾದ ಜಾಗ ಒಂದೇ ಆಗಿತ್ತು. ಧಣಿಗಳ ಚಾವಡಿಯ ಒಳಗಿನಿಂದ ತಟ್ಟಿ ಹೇಗೆ ಕಾಣುತ್ತದೆ ಎಂದು ಅಜ್ಜಿಗೆ ಯಾಕೆ ಗೊತ್ತಾಗಲಿಲ್ಲವೋ, ಅದೇ ಕಾರಣಕ್ಕೆ ನಮ್ಮ ಜಗಲಿಯ ಒಳಗಿನಿಂದ ಹೇಗೆ ಕಾಣುತ್ತದೆ ಎಂದು ಅವರಿಗೂ ಗೊತ್ತಾಗಲಿಲ್ಲ. ಗೇಣಿ ಹೋಯಿತು, ಗೆರೆ ಹೋಗಲಿಲ್ಲ. ಗೇಣಿ ಕೊಡುವವರಾಗಿ ಅದರ ಆಚೆ ನಿಂತಿದ್ದ ನಾವು ಜಾಗದ ಹಕ್ಕುಪತ್ರ ಹಿಡಿದುಕೊಂಡು ಈಚೆಗೆ ಬಂದೆವು ಅಷ್ಟೆ.

ಹೆಣೆಯುವ ಕೈಯನ್ನು ಹೊರಗೇ ನಿಲ್ಲಿಸುವುದು ನಮ್ಮ ಮನೆಯೊಂದರ ಕತೆಯಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಿದಿರು ಹೆಣೆಯುವ ಮೇದಾರ ಕೇತಯ್ಯ ಶರಣರ ಸಾಲಿನಲ್ಲಿ ಕೂತರು. ನಮ್ಮ ಜಿಲ್ಲೆಯಲ್ಲಿ ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಗ ಸಮುದಾಯದ ಮೇಲಿನ ಅಜಲು ಎಂಬ ಅವಮಾನವನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಈ ಎರಡರ ನಡುವೆ ಎಂಟುನೂರು ವರ್ಷ ಇದೆ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನಾನು ಪಿಯುಸಿಯಲ್ಲಿ ಓದಿ ಅತ್ತಿದ್ದೆ. ನಮ್ಮ ಅಂಗಳದ ಕರೆಯಲ್ಲಿ ಕೂತವರನ್ನು ಆಗ ನನಗೆ ನೆನಪಾಗಿರಲಿಲ್ಲ.

1894ರಲ್ಲಿ ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಎರಡು ದೊಡ್ಡ ಪುಸ್ತಕಗಳು ಪ್ರಕಟವಾದವು. ಒಂದು ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, ಇನ್ನೊಂದು ಸ್ಟರಾಕ್ ಬರೆದ ಸೌತ್ ಕೆನರಾ ಮ್ಯಾನ್ಯುವಲ್. ಎರಡೂ ನನ್ನ ಮೇಜಿನ ಮೇಲೆ ಇರುತ್ತವೆ. ಒಂದರಲ್ಲಿ ಮಾತುಗಳು, ಇನ್ನೊಂದರಲ್ಲಿ ಭೂಮಿ, ಬೆಳೆ, ಕಂದಾಯ. ಇವಿಲ್ಲದೆ ನನ್ನ ಸಂಶೋಧನೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದರೆ ತಟ್ಟಿಯಂಥ ವಸ್ತುವಿನ ತೊಂದರೆ ಏನೆಂದರೆ ಅದು ವರ್ಷಕ್ಕೊಮ್ಮೆ ಮಣ್ಣಿಗೆ ಹೋಗುತ್ತದೆ. ಮ್ಯೂಸಿಯಮ್ಮಿನಲ್ಲಿ ಇಡಲು ಏನೂ ಉಳಿಯುವುದಿಲ್ಲ. ಅದರ ಜೊತೆ ಅದನ್ನು ಹೆಣೆದವರ ಲೆಕ್ಕವೂ ಹೋಗುತ್ತದೆ. ನಮ್ಮ ಮನೆಯಲ್ಲಿ ಹಂಚಿನ ಮನೆಯ ಎದುರು ತೆಗೆದ ಒಂದು ಹಳೆಯ ಫೋಟೋ ಇದೆ. ಅಜ್ಜ, ಅಜ್ಜಿ, ಅಪ್ಪ, ಚಿಕ್ಕಪ್ಪಂದಿರು ನಿಂತಿದ್ದಾರೆ. ಹಿಂದೆ ತಟ್ಟಿ ಚೆನ್ನಾಗಿ ಕಾಣುತ್ತದೆ, ಗರಿಯ ಹೆಣಿಗೆ ಕೂಡ ಕಾಣುತ್ತದೆ. ಹೆಣೆದವರು ಇಲ್ಲ.

ಅವರು ತೀರಿಕೊಂಡು ಹತ್ತು ವರ್ಷ ಆಯಿತಂತೆ. ಅವರ ಮಗ ಆತೂರಿನ ಕಡೆ ರಿಕ್ಷಾ ಓಡಿಸುತ್ತಾರೆ. ಹಂಚಿನ ಮನೆಯ ಜಗಲಿಗೆ ಈಗ ಮಳೆಗಾಲದಲ್ಲಿ ಕಟ್ಟುವುದು ಪೇಟೆಯಿಂದ ತಂದ ಹಸಿರು ನೆಟ್ಟು ಮತ್ತು ಟರ್ಪಾಲು. ಅದಕ್ಕೆ ಯಾರೂ ಅಂಗಳದ ಕರೆಯಲ್ಲಿ ಕೂರಬೇಕಾಗಿಲ್ಲ. ಒಬ್ಬರ ಮನೆಯ ಅಂಗಳದಲ್ಲಿ ಕೂತು ಹೆಣೆಯುವ ಕೆಲಸ ಹೋದದ್ದಕ್ಕೆ ನನಗೆ ಬೇಸರ ಇಲ್ಲ. ಆ ಹೆಣಿಗೆಯ ಜಾಣ್ಮೆ ಹೋದದ್ದಕ್ಕೆ ಬೇಸರ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಇಷ್ಟು ದಿನ ನನಗೆ ಬರುತ್ತಿರಲಿಲ್ಲ.

ಮರುದಿನ ಉಳಿದ ಎರಡು ಕಿಟಕಿ ಒರೆಸಿದೆ. ಅಮ್ಮನಿಗೆ ಧೂಳಾದರೆ ಉಬ್ಬಸ, ಹಾಗಾಗಿ ಅವಳನ್ನು ಆಚೆ ಕಳಿಸಿದೆ. ಅಣ್ಣ ಫೋನಿನಲ್ಲಿ, "ಅದಕ್ಕೆ ಯಾರನ್ನಾದರೂ ಕೆಲಸಕ್ಕೆ ಕರೆಯುವುದಲ್ವಾ, ಪಿಎಚ್.ಡಿ. ಮಾಡುವವಳು ನೀನು" ಅಂದ. ಯಾರನ್ನು ಅಂತ ಕೇಳಿದೆ. ಅವನಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಸಲ ಬಂದಾಗ ಕಾಲುಚೀಲ ಕೈಗೆ ಹಾಕಿಕೊಂಡು ಒರೆಸುವುದು ಹೇಗೆ ಎಂದು ತೋರಿಸಿಕೊಡುತ್ತೇನೆ ಎಂದು ಹೇಳಿ ಫೋನಿಟ್ಟೆ.

ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಗೇಣಿಯ ಕೋಷ್ಟಕ ಇದೆ. ಅಕ್ಕಿಯ ಮುಡಿ, ತೆಂಗಿನಕಾಯಿ, ಅಡಿಕೆ ಎಂದು ಸಾಲುಗಳು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಮಳೆಗಾಲದ ತಟ್ಟಿ. ಎದುರಿನ ಖಾನೆಯಲ್ಲಿ ಆಧಾರ ಬರೆಯಬೇಕು, ಅಲ್ಲಿ ಅಜ್ಜಿಯ ಹೆಸರು ಬರೆದೆ. ನಮ್ಮ ಮನೆಗೆ ಹೆಣೆದವರ ಹೆಸರು ಗೇಣಿಯ ಕೋಷ್ಟಕದಲ್ಲಿ ಬರುವುದಿಲ್ಲ, ಅವರು ನಮಗೆ ಗೇಣಿ ಕೊಡಬೇಕಾದವರಲ್ಲ. ಅವರಿಗೆ ಬೇರೆಯೇ ಒಂದು ಅಧ್ಯಾಯ ಬೇಕು. ಹಬ್ಬ ಕಳೆದ ಮೇಲೆ ಆತೂರಿಗೆ ಹೋಗಿ ಅವರ ಮಗನ ಹತ್ತಿರ ಮಾತಾಡಬೇಕು ಅಂತಿದ್ದೇನೆ. ಮೊದಲು ಕೇಳಬೇಕಾದದ್ದು ಅವರ ತಾಯಿಯ ಪೂರ್ತಿ ಹೆಸರು.